ಹಾಲು ಉಕ್ಕಿದ ಮರುದಿನ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಾಬವ್ವನ ಕೋಣೆಯ ಗೋಡೆಗಳು ತಿಳಿಹಸಿರು ಅಂತ ನನ್ನ ನೆನಪು. ನಮ್ಮ ಸಂಸ್ಥೆಯಲ್ಲಿ ಅಡುಗೆ ಮಾಡುತ್ತಿದ್ದ ಯಾದಮ್ಮ ಆಮೇಲೊಮ್ಮೆ ಸಿಕ್ಕಾಗ ಹಳದಿ ಅಂದಳು. ಸಾಬವ್ವ ಆ ಕೋಣೆ ಬಿಟ್ಟು ಹೋದದ್ದು ಗಣಪತಿ ಮುಳುಗಿಸಿದ ಮೇಲೋ ಅದಕ್ಕೆ ಮೊದಲೋ, ಅದೂ ಖಚಿತವಿಲ್ಲ. ಆ ವರ್ಷ ನಾನು ದಿನಚರಿ ಬರೆಯುತ್ತಿದ್ದದ್ದು ನಿಜ. ಈಗ ತೆರೆದು ನೋಡಿದರೆ ಅದರಲ್ಲಿ ನನ್ನ ಸಿಟ್ಟೇ ತುಂಬಿದೆ, ಸಂಗತಿಗಳು ಕಡಿಮೆ. "ಇವತ್ತೂ ಮೀಟಿಂಗ್. ಇವತ್ತೂ ಪರದೆಯ ಬಣ್ಣದ ಚರ್ಚೆ" ಅಂತ ಬರೆದಿದ್ದೇನೆ. ಅವತ್ತು ಸಾಬವ್ವ ಏನಂದಳು ಅನ್ನುವುದನ್ನು ಬರೆದಿಲ್ಲ.

ಕಳೆದ ತಿಂಗಳು ಕೂಕಟ್‌ಪಲ್ಲಿಯಲ್ಲಿ ನನ್ನ ಕಾಕಾನ ಮಗ ಹೊಸ ಫ್ಲ್ಯಾಟಿಗೆ ಬಂದ. ಗೃಹಪ್ರವೇಶಕ್ಕೆ ಹೋಗಿದ್ದೆ. ಹಾಲು ಉಕ್ಕಿ ಒಲೆಯ ಮೇಲೆ ಸುರಿದು, ಸೀದ ವಾಸನೆ ಮನೆಯೆಲ್ಲ ಹರಡಿತು. ಬಂದವರು ಚಪ್ಪಾಳೆ ತಟ್ಟಿದರು. ನನಗೆ ಆ ವಾಸನೆ ಬಂದರೆ ಮೊದಲು ಸಿಟ್ಟು ಬರುತ್ತದೆ. ಯಾರ ಮೇಲೆ ಅನ್ನುವುದನ್ನು ಆಮೇಲೆ ಹುಡುಕಬೇಕಾಗುತ್ತದೆ.

ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಹೈದರಾಬಾದಿಗೆ ಬಂದ ವರ್ಷ ಅದು. ದಿಲ್‌ಸುಖ್‌ನಗರದಲ್ಲಿ ಕಾಕಾನ ಮನೆಯಲ್ಲಿದ್ದೆ. ಕಾಕಾಗೆ ಅಬಿಡ್ಸ್‌ನಲ್ಲಿ ಕಾಗದ, ಪೆನ್ನು ಮಾರುವ ಅಂಗಡಿ. ಊರಿಗೆ ಊರೇ ಕಂಪ್ಯೂಟರಿನ ಜ್ವರ ಹತ್ತಿಸಿಕೊಂಡ ಕಾಲ. ನಮ್ಮ ಓಣಿಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೂ ಜಾಗ ಬಿಡದೆ ಕೋಚಿಂಗ್ ಸೆಂಟರುಗಳ ಚೀಟಿ ಅಂಟಿಸಿದ್ದರು. ನಾನು ಮನೆಯಿಲ್ಲದ ಹೆಂಗಸರ ಸಂಸ್ಥೆಯೊಂದಕ್ಕೆ ಸೇರಿದ್ದು ಕಾಕಾನಿಗೆ ಒಂದು ನಗೆಚಾಟಿಕೆ. "ಮಂದಿ ಎಲ್ಲಾ ಕಂಪ್ಯೂಟರ್ ಕಲಿಯಾಕ ಈ ಊರಿಗೆ ಬರ್ತಾರ. ನಮ್ಮ ಹುಡುಗಿ ಫುಟ್‌ಪಾತ್ ಕಲಿಯಾಕ ಬಂದಾಳ" ಎಂದು ಗಿರಾಕಿಗಳ ಮುಂದೆಲ್ಲ ಹೇಳುತ್ತಿದ್ದ.

ಸಂಸ್ಥೆ ಇದ್ದದ್ದು ಕೂಕಟ್‌ಪಲ್ಲಿಯ ಒಂದು ಹಿಂದಿನ ಬೀದಿಯಲ್ಲಿ, ಬಾಡಿಗೆ ಮನೆಯಲ್ಲಿ. ಆಗ ಮೆಟ್ರೋ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಅರ್ಧ ದಿನದ ಶಕ್ತಿ ಹೋಗಿರುತ್ತಿತ್ತು. ನನ್ನನ್ನು ತೆಗೆದುಕೊಂಡದ್ದು ಓದಿಗಾಗಿ ಅಲ್ಲ, ಭಾಷೆಗಾಗಿ. ಫ್ಲೈಓವರ್ ಕೆಳಗೆ, ಸ್ಟೇಷನ್ನಿನ ಹೊರಗೆ ಸಿಗುತ್ತಿದ್ದ ಹೆಂಗಸರಲ್ಲಿ ಹಲವರು ಗುಲ್ಬರ್ಗ, ರಾಯಚೂರಿನ ಕಡೆಯವರು. ಅವರ ಮಾತು ತಿಳಿಯುವವರು ಬೇಕಾಗಿತ್ತು.

ನಮ್ಮ ಮುಖ್ಯಸ್ಥೆಯನ್ನು ಎಲ್ಲರೂ ಮೇಡಮ್ ಅನ್ನುತ್ತಿದ್ದರು. ತೆಲುಗು ಹೆಣ್ಣುಮಗಳು, ಮನಸ್ಸಿನಿಂದ ಒಳ್ಳೆಯವರು. ಅವರನ್ನು ಕೆಟ್ಟವರು ಅಂದುಕೊಂಡಿದ್ದರೆ ನನ್ನ ಸಿಟ್ಟಿಗೆ ಸುಲಭವಾಗುತ್ತಿತ್ತು. ಅವರ ಯೋಜನೆ ನನಗೆ ಈಗಲೂ ಸರಿ ಅನ್ನಿಸುತ್ತದೆ. ಬೀದಿಯಿಂದ ಬಂದವರು ಮೊದಲು ಕೆಳಗಿನ ಪಡಸಾಲೆಯಲ್ಲಿ ಒಟ್ಟಿಗೆ ಇರುವುದು. ಸುಧಾರಿಸಿಕೊಂಡ ಮೇಲೆ ಮಹಡಿಯಲ್ಲಿ ಒಬ್ಬೊಬ್ಬರಿಗೆ ಒಂದು ಕೋಣೆ, ಒಂದು ಬೀಗ. ಕೋಣೆ ಸಿಕ್ಕ ಮೇಲೂ ಕೈಬಿಡುವಂತಿಲ್ಲ. ಔಷಧ, ಕೆಲಸ, ಮಾತು ಎಲ್ಲಕ್ಕೂ ನಾವು ಜೊತೆಗಿರಬೇಕು. ಹೋಗು ಅನ್ನುವ ಗಡುವಿಲ್ಲ. ಆದರೆ ಮಹಡಿಯ ಕೋಣೆಗಳು ಅರ್ಧ ಕಟ್ಟಿ ನಿಂತಿದ್ದವು. ಒಂದು ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಗಳು ಅದನ್ನು ಮುಗಿಸಿಕೊಡುತ್ತೇವೆ ಎಂದು ಮುಂದೆ ಬಂದಿದ್ದರು. ಆ ಮಳೆಗಾಲವಿಡೀ ನಮ್ಮ ತಲೆಯ ಮೇಲೆ ಸಿಮೆಂಟು ಕಲಸುವ ಸದ್ದು.

ಸಾಬವ್ವ ಬಂದದ್ದು ಮೊದಲ ಮಳೆಗೆ. ಶಹಾಪುರದ ಕಡೆಯ ಹಳ್ಳಿಯವಳು. ಕಟ್ಟಡದ ಕೂಲಿಯ ಒಂದು ಗುಂಪಿನ ಜೊತೆ ಗಂಡನೊಡನೆ ಬಂದವಳು, ಗಂಡ ತೀರಿಹೋದ ಮೇಲೂ ಗುಂಪಿನಲ್ಲೇ ಉಳಿದಿದ್ದಳು. ಕೆಮ್ಮು ಹತ್ತಿದ ಮೇಲೆ ಮೇಸ್ತ್ರಿ ಕೆಲಸಕ್ಕೆ ಕರೆಯುವುದನ್ನು ಬಿಟ್ಟ. ನಮ್ಮವರಿಗೆ ಸಿಕ್ಕಾಗ ಅವಳು ಫ್ಲೈಓವರ್ ಕೆಳಗೆ ರಟ್ಟು ಹಾಸಿಕೊಂಡು ಮಲಗಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಟೀಬಿ ಅಂದರು. ಗುಳಿಗೆ ತಿಂಗಳುಗಟ್ಟಲೆ ಬಿಡದೆ ನುಂಗಬೇಕು, ನಡುವೆ ಬಿಟ್ಟರೆ ಆಮೇಲೆ ಇದೇ ಗುಳಿಗೆ ನಾಟದೆ ಹೋಗಬಹುದು ಅಂತ ಡಾಕ್ಟರು ನನಗೆ ಎರಡೆರಡು ಸಲ ಹೇಳಿದರು. ಅವಳ ಜೀವ ಆ ಗುಳಿಗೆಯಲ್ಲಿತ್ತು. ಎದುರಿಗೆ ನಿಂತು ನುಂಗಿಸುವುದು ನನ್ನ ಕೆಲಸ.

"ನೀವು ಊಟ ಆದಮೇಲೆ ತಗೊಂಡ್ರೇನು?" ಅಂತ ನಾನು ಕೇಳಿದರೆ ನಗುತ್ತಿದ್ದಳು. "ನನ್ನ ನೀವು ಅನಬ್ಯಾಡ್ರಿ ಅಕ್ಕೋರ. ಹಿಂದ ಯಾರೋ ದೊಡ್ಡವರು ನಿಂತಾರ ಅಂತ ಹೊಳ್ಳಿ ನೋಡೂಹಂಗ ಆಗತೈತಿ."

ಗುಳಿಗೆಗೆ ಮೂತ್ರ ಕೆಂಪಗಾಗುತ್ತದೆ. ಅದನ್ನೂ ಬಿಡಲಿಲ್ಲ. "ನಿಮ್ಮ ಮೇಡಮ್ಮಗ ಒಂದು ಕೊಡ್ರಿ. ಆಕಿಗೂ ಕೆಂಪಗ ಹೋಗ್ಲಿ, ನನ್ನಂಗ ಅಂಜಲಿ."

ಮೊದಲ ವಾರ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು, ಕೊನೆಯ ಸಲ ಮನೆಯಲ್ಲಿ ಇದ್ದದ್ದು ಯಾವಾಗ ಅನ್ನುವುದು. ಕೇಳಿದೆ.

"ಯಾವಾಗ ಅಂದ್ರ? ಯಾವಾಗ್ಲೂ ಮನ್ಯಾಗ ಇದ್ದೀನಿ. ಬಂಜಾರಾ ಹಿಲ್ಸ್‌ನಾಗ ಇದ್ದೆ, ನಾಕ್ ಅಂತಸ್ತು. ಮಾದಾಪುರದಾಗ ಇದ್ದೆ. ಒಂದು ಮನ್ಯಾಗ ಒಳಗ ಈಜೂ ಹೊಂಡ ಇತ್ತು ನೋಡ್ರಿ, ಅದರಾಗ ಮಲಗಿದ್ವಿ. ತಂಪ ಇತ್ತು."

ಪಡಸಾಲೆಯ ಹೆಂಗಸರೆಲ್ಲ ನಕ್ಕರು. ಅವತ್ತಿನಿಂದ ಅವಳಿಗೆ ಬಂಗ್ಲಾ ರಾಣಿ ಅಂತ ಹೆಸರು ಬಿತ್ತು. ನಮ್ಮಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಆಪ್ತಸಮಾಲೋಚಕರು, ಮನೆ ಕಳೆದುಕೊಂಡವರು ಇಂಥ ದೊಡ್ಡ ಮನೆಗಳನ್ನು ಕಲ್ಪಿಸಿಕೊಳ್ಳುವುದುಂಟು ಎಂದರು. ನಾನು ತಲೆಯಾಡಿಸಿದೆ. ಅವಳು ಕಟ್ಟಡದ ಕೂಲಿ ಅಂತ ನನಗೆ ಗೊತ್ತಿತ್ತು. ಕಟ್ಟುವ ಮನೆಯೊಳಗೇ ಕೂಲಿಯವರು ಒಲೆ ಹೂಡಿ ಇರುತ್ತಾರೆ, ರಾತ್ರಿ ಕಬ್ಬಿಣ ಸಿಮೆಂಟು ಕಾಯುತ್ತಾರೆ ಅನ್ನುವುದೂ ಗೊತ್ತಿತ್ತು. ಗೊತ್ತಿದ್ದ ಎರಡು ಸಂಗತಿಗಳು ಒಂದೇ ತಲೆಯಲ್ಲಿ ಪರಿಚಯವಿಲ್ಲದೆ ಇರಬಲ್ಲವು.

ಪಡಸಾಲೆಯಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಫ್ಯಾನಿಗೆ ಜಗಳ, ಜಾಗಕ್ಕೆ ಜಗಳ, ಕೆಮ್ಮುತ್ತಾಳೆ ಅಂತ ಪಕ್ಕದವರ ಗೊಣಗಾಟ. ಒಂದು ಬೆಳಿಗ್ಗೆ ಮಳೆಯಲ್ಲಿ ನೆನೆದು ಬಂದ ನಾನು ಅವಳನ್ನು ಎಲ್ಲೂ ಕಾಣದೆ ಮಹಡಿಗೆ ಹೋದರೆ, ಕಿಟಕಿಯ ಚೌಕಟ್ಟೂ ಇಲ್ಲದ ಮೂಲೆ ಕೋಣೆಯಲ್ಲಿ ಚಾಪೆ ಹಾಸಿಕೊಂಡಿದ್ದಳು. ಮೂರು ಇಟ್ಟಂಗಿ ಇಟ್ಟು ಸೆಂಟ್ರಿಂಗ್ ಕಟ್ಟಿಗೆಯ ಚೂರಿನಿಂದ ಚಹಾ ಕಾಸುತ್ತಿದ್ದಳು. ಗೋಡೆಯ ಮೂಲೆ ಆಗಲೇ ಮಸಿ ಹಿಡಿದಿತ್ತು.

"ಕುಂದರ್ರಿ ಅಕ್ಕೋರ, ಚಹಾ ಕುಡೀರಿ" ಅಂದಳು, ತನ್ನ ಮನೆಗೆ ಬಂದವರಿಗೆ ಅನ್ನುವ ಹಾಗೆ.

ಮೇಡಮ್ ಕೂಗಾಡಿದರು. ಟೀಬಿಯವರಿಗೆ ಗಾಳಿ ಬೇಕು ಎಂದು ಡಾಕ್ಟರು ಅಂದಿದ್ದನ್ನು ನಾನು ಎತ್ತಿ ಹಿಡಿದೆ. ಕೊನೆಗೆ ಅವಳನ್ನು ಅಲ್ಲೇ ಬಿಟ್ಟರು, ಹೇಗೂ ಮುಂದೆ ಆ ಕೋಣೆ ಅವಳಿಗೇ ಅಂತ ನಿರ್ಧಾರವಾಯಿತು. ಆಮೇಲಿನ ದಿನಗಳು ಆ ವರ್ಷದಲ್ಲಿ ನನಗೆ ಸಿಕ್ಕ ಒಂದೇ ನೆಮ್ಮದಿ. ಅವಳು ಮೈಕೈ ತುಂಬಿಕೊಂಡಳು. ಗಾರೆ ಕೆಲಸದವನ ಜೊತೆ ತೆಲುಗಿನಲ್ಲಿ ಜಗಳವಾಡುತ್ತ, ಅವನು ಹೋದ ಮೇಲೆ ಹೊಸ ಗೋಡೆಗೆ ಚೆಂಬಿನಿಂದ ನೀರು ಹೊಡೆಯುತ್ತ, ಯಾದಮ್ಮನಿಗೆ ಮೆಣಸಿನಕಾಯಿ ಕುಟ್ಟಿಕೊಡುತ್ತ ಇದ್ದಳು. ಗುಳಿಗೆಗೆ ನಾನು ಕರೆಯುವ ಮೊದಲೇ ಕೈ ಚಾಚುತ್ತಿದ್ದಳು. ಅವಳು ಮನೆಗೆ ಹೊಂದಿಕೊಂಡಳು ಅಂತ ನಾವು ಪ್ರತಿ ಮೀಟಿಂಗಿನಲ್ಲೂ ಹೇಳಿಕೊಂಡೆವು. ಕಂಪನಿಯ ಹುಡುಗರು ಬಂದಾಗ ಮೇಡಮ್ ಮೊದಲು ತೋರಿಸುತ್ತಿದ್ದದ್ದು ಅವಳನ್ನೇ.

ಕೋಣೆಗಳು ಮುಗಿದವು. ಕಿಟಕಿ ಬಂತು, ಬಣ್ಣ ಬಂತು. ಮೂಲೆಯ ಮಸಿಯ ಮೇಲೆ ಬಣ್ಣದವನು ಎರಡು ಕೈ ಹೆಚ್ಚಿಗೆ ಬಳಿದ. ಹಾಲು ಉಕ್ಕಿಸಿ ಗೃಹಪ್ರವೇಶ ಮಾಡೋಣ ಅನ್ನುವ ಯೋಚನೆ ಮೇಡಮ್ಮದು. ಇದು ಅನಾಥಾಲಯ ಅಲ್ಲ, ಇವರ ಸ್ವಂತ ಮನೆ ಅನ್ನಿಸಬೇಕು ಎಂದರು. ಅದಕ್ಕಿಂತ ಒಳ್ಳೆಯ ಯೋಚನೆ ಇನ್ನೊಂದಿಲ್ಲ ಎಂದು ನಮಗೆಲ್ಲ ಅನ್ನಿಸಿತು. ಮಾವಿನ ತೋರಣ ಕಟ್ಟಿದೆವು. ಕಂಪನಿಯವರು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬಂದರು, ಪರದೆ ತಂದರು, ಹೆಂಗಸರಿಗೆಲ್ಲ ಸೀರೆ ತಂದರು, ಸಿಹಿಯೂಟ ಹಾಕಿಸಿದರು. ಒಲೆ ಹಚ್ಚುವ ಮಾನ ಸಾಬವ್ವನಿಗೆ. ಅವಳು ಹಚ್ಚಿದಳು. ಹಾಲು ಉಕ್ಕಿ ಸುರಿಯಿತು. ಮೇಡಮ್ ಅವಳ ಕೈಗೆ ಬೀಗದ ಕೈ ಕೊಟ್ಟು ತೆಲುಗಿನಲ್ಲಿ, ಹಿಂದಿಯಲ್ಲಿ, ಇದು ನಿನ್ನ ಮನೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅವಳು ಸೀರೆಯನ್ನು ಕಣ್ಣಿಗೊತ್ತಿಕೊಂಡು ಎಲ್ಲರಿಗೂ ಕೈಮುಗಿದಳು. ಯಾದಮ್ಮನ ಗಲ್ಲ ಮುಟ್ಟಿ ಅತ್ತಳು. ಖುಷಿಗೆ ಅಳುತ್ತಾಳೆ ಅಂದುಕೊಂಡು ಯಾರೋ ಫೋಟೋ ತೆಗೆದರು.

ಮರುದಿನ ನಾನು ಬಸ್ಸಿಳಿದು ಬಂದಾಗ ಕೋಣೆ ಖಾಲಿ. ನೆಲ ಗುಡಿಸಿ ಒರೆಸಿತ್ತು. ಬೀಗದ ಕೈ ಮೊಳೆಗೆ ನೇತಾಡುತ್ತಿತ್ತು. ನಾವು ಕೊಟ್ಟ ಕಂಬಳಿ, ತಟ್ಟೆ, ಲೋಟ ಗೂಡಿನಲ್ಲಿ ಒಪ್ಪವಾಗಿದ್ದವು. ಅವುಗಳ ಪಕ್ಕದಲ್ಲಿ ಗುಳಿಗೆಯ ಡಬ್ಬಿ. ಅವಳು ತನ್ನ ಹಳೆಯ ಗಂಟು ಮತ್ತು ಹೊಸ ಸೀರೆ ಮಾತ್ರ ತೆಗೆದುಕೊಂಡು ಹೋಗಿದ್ದಳು. ಮೂರು ಇಟ್ಟಂಗಿ ಕಾಂಪೌಂಡಿನ ಬದಿಗೆ ಒಂದರ ಮೇಲೊಂದು ಇದ್ದವು.

ಆ ಡಬ್ಬಿ ಕೈಯಲ್ಲಿ ಹಿಡಿದು ಮೀಟಿಂಗಿನಲ್ಲಿ ಕೂತಿದ್ದೆ. ಆಪ್ತಸಮಾಲೋಚಕರು ಬೀದಿಯ ಸೆಳೆತದ ಬಗ್ಗೆ ಮಾತಾಡಿದರು. ನಾಲ್ಕು ಗೋಡೆ ಇವರಿಗೆ ಜೈಲಿನ ಹಾಗೆ ಕಾಣುತ್ತದಂತೆ. ತಿಂಗಳುಗಟ್ಟಲೆ ಅದೇ ನಾಲ್ಕು ಗೋಡೆಯಲ್ಲಿ ಇದ್ದಳಲ್ಲ ಎಂದೆ. ಆಗ ಕಿಟಕಿ ಇರಲಿಲ್ಲವಲ್ಲ ಎಂದರು. ಅವರ ಬಳಿ ಎಲ್ಲಕ್ಕೂ ಉತ್ತರವಿತ್ತು, ಸಾಬವ್ವ ಎಲ್ಲಿ ಅನ್ನುವುದಕ್ಕೆ ಬಿಟ್ಟು. ಮೇಡಮ್ ಕಣ್ಣು ಒರೆಸಿಕೊಂಡು, ಕೋಣೆ ಖಾಲಿ ಇಡಲಾಗುವುದಿಲ್ಲ, ಕೆಳಗೆ ಸರದಿಯಲ್ಲಿ ಇದ್ದಾರೆ ಎಂದರು. ತನ್ನ ಇಚ್ಛೆಯಿಂದ ಹೋದಳು ಎಂದು ತೀರ್ಮಾನವಾಯಿತು. ವಾರ ಕಳೆಯುವುದರೊಳಗೆ ಅಲ್ಲಿ ಬೇರೆಯವರ ಚಾಪೆ ಬಿತ್ತು.

ನಾನು ಯಾದಮ್ಮನನ್ನು ಕರೆದುಕೊಂಡು ಹುಡುಕಿದೆ. ಬೆಳಿಗ್ಗೆ ಕೂಲಿಯವರು ಬಂದು ನಿಲ್ಲುವ ಅಡ್ಡಾಗಳಲ್ಲಿ, ಫ್ಲೈಓವರ್ ಕೆಳಗೆ, ಸ್ಟೇಷನ್ನಿನಲ್ಲಿ. ದಿನಗಳು ಹೋದ ಹಾಗೆ ನನಗೆ ಅವಳ ಮೇಲೆಯೇ ಸಿಟ್ಟು ಬರತೊಡಗಿತು. ಹೇಳಿ ಹೋಗಬಾರದೇ? ಗುಳಿಗೆ ಒಯ್ಯಬಾರದೇ? ಕೊನೆಗೆ ಒಬ್ಬ ಮುದುಕ, ಶಹಾಪುರದ ಗುಂಪು ಮಿಯಾಪುರದ ಕಡೆ ಒಂದು ಅಪಾರ್ಟ್‌ಮೆಂಟಿನ ಕೆಲಸದಲ್ಲಿದೆ ಎಂದ.

ಎರಡನೆಯ ಅಂತಸ್ತಿನಲ್ಲಿ ಸಿಕ್ಕಳು. ಮೂರು ಇಟ್ಟಂಗಿ, ಬೋಗುಣಿ, ಹೊಗೆ. ಮತ್ತೆ ಇಳಿದುಹೋಗಿದ್ದಳು, ಎರಡು ಮಾತಿಗೊಮ್ಮೆ ಕೆಮ್ಮು. ನನ್ನನ್ನು ನೋಡಿ ನಿಜವಾಗಿ ಸಂತೋಷಪಟ್ಟಳು. ನನಗೆ ಅದು ಇನ್ನಷ್ಟು ಸಿಟ್ಟು ತಂದಿತು.

"ಹೇಳದಂಗ ಯಾಕ ಬಂದಿ?"

"ಹೇಳೂದೇನೈತ್ರಿ ಅಕ್ಕೋರ? ಹಾಲು ಉಕ್ಕಿಸಿದ್ರಲ್ಲ."

ಹಾಲಿಗೂ ಇದಕ್ಕೂ ಏನು ಸಂಬಂಧ ಎಂದೆ. ಇಷ್ಟು ಸಣ್ಣದು ತಿಳಿಯುವುದಿಲ್ಲವಲ್ಲ ಅನ್ನುವ ಹಾಗೆ ಬಿಡಿಸಿ ಹೇಳಿದಳು. "ಹಾಲು ಉಕ್ಕಿದ ಮ್ಯಾಲ ಕೂಲಿ ಮಂದಿ ಅಲ್ಲಿ ಉಳಿತಾರೇನ್ರಿ? ಮಾಲಕರು ಒಳಗ ಬರ್ತಾರ, ನಾವು ಬಿಡಬೇಕು. ಖರೇ ಅಂದ್ರ ಹಿಂದಿನ ದಿನಾನ ಬಿಡಬೇಕು. ನಾ ಒಂದು ರಾತ್ರಿ ಹೆಚ್ಚಿಗಿ ಮಲಗಿದೆ. ಮೇಡಮ್ ಏನೂ ಅನ್ನಲಿಲ್ಲ, ಭಾಳ ಚಲೋ ಹೆಣಮಗಳು."

"ಮಾಲಕರು ಯಾರು? ಅದು ನಿನ್ನ ಕೋಣಿ. ನಿನ್ನ ಮನಿ ಅಂತ ಹೇಳಿದ್ವಿ, ಎಲ್ಲಾರ ಮುಂದ ಹೇಳಿದ್ವಿ."

"ಎಲ್ಲಾರೂ ಹಂಗ ಅಂತಾರ್ರಿ. ನಿಮ್ಮದ ಮನಿ ಅನ್ಕೊಂಡು ಕಾಯ್ರಿ ಅಂತಾರ. ಬಂಜಾರಾ ಹಿಲ್ಸ್ ಸೇಠನೂ ಅಂದಿದ್ದ. ಮಾಲಕರು ಬಂದಿದ್ರಲ್ಲ ಅವತ್ತು? ಒಂದ ತಾನಿನ ಅಂಗಿ ಹಾಕ್ಕೊಂಡು ಅಣ್ಣ ತಮ್ಮ ಎಲ್ಲಾ. ದೊಡ್ಡ ಮನೆತನ ಕಾಣತೈತಿ. ಸೀರಿ ಕೊಟ್ರು, ಉಣಿಸಿದ್ರು. ಸೀರಿ ಕೊಟ್ಟು ಕಳಿಸಿದ ಮ್ಯಾಲೂ ಕುಂತ್ರ ಮಂದಿ ಏನಂದಾರು?"

"ಗುಳಿಗಿ?"

"ಅದು ಮನ್ಯಾಗಿನ ಸಾಮಾನಲ್ರೀ. ಹೆಂಗ ತರಲಿ?"

ಯಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ಅಳುವಿಗೋ ಗೊತ್ತಾಗಲಿಲ್ಲ. ನನಗೆ ಎರಡೂ ಬರಲಿಲ್ಲ. ಅವಳ ಬದುಕಿನಲ್ಲಿ ಹಾಲು, ಸೀರೆ, ಸಿಹಿಯೂಟ ಈ ಮೂರೂ ಸೇರಿದರೆ ಅದಕ್ಕೆ ಒಂದೇ ಅರ್ಥವಿತ್ತು. ನಾವು ಒಂದನ್ನೂ ಬಿಡದೆ ಮಾಡಿದ್ದೆವು. ಮರ್ಯಾದೆಯಿಂದ, ತೋರಣ ಕಟ್ಟಿ, ಅವಳನ್ನು ಮನೆಯಿಂದ ಹೊರಗೆ ಹಾಕಿದ್ದೆವು.

ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದೆ. "ನಡೀರಿ" ಎಂದು ತಟ್ಟನೆ ಎದ್ದಳು. "ಇನ್ನೂ ಮ್ಯಾಲ ಕಟ್ಟಾಕತ್ತೀರೇನು?"

ಮೇಡಮ್ ಕಥೆ ಕೇಳಿ ಹಣೆಗೆ ಕೈ ಹಚ್ಚಿ ಕೂತರು. ಒಂದು ಮಾತು ಕೇಳಬಾರದಿತ್ತೇ ಎಂದು ಅವಳನ್ನೇ ಗದರಿದರು. ಆದರೆ ಕೋಣೆಯಲ್ಲಿ ಆಗಲೇ ಬೇರೆಯವರಿದ್ದರು, ಅವರನ್ನು ಎಬ್ಬಿಸುವುದು ಹೇಗೆ? ಸಾಬವ್ವ ಪಡಸಾಲೆಯಿಂದ ಮತ್ತೆ ಶುರುಮಾಡಲಿ, ನಿಯಮ ಎಲ್ಲರಿಗೂ ಒಂದೇ ಎಂದರು. ನ್ಯಾಯವಾದ ಮಾತು. ನ್ಯಾಯವಾದ ಮಾತಿನ ಎದುರು ನನ್ನಷ್ಟು ಅಸಹಾಯಕಳು ಇನ್ನೊಬ್ಬಳಿಲ್ಲ. ನಾನು ಬಾಗಿಲು ಬಡಿದು ಹೊರಗೆ ಬಂದೆ, ಅದೂ ಸರಿಯಾಗಿ ಬಡಿಯಲಿಲ್ಲ. ಸಾಬವ್ವ ಪಡಸಾಲೆಯಲ್ಲಿ ಕೆಲವು ದಿನ ಇದ್ದಳು. ಫ್ಯಾನು, ಜಗಳ, ಬಂಗ್ಲಾ ರಾಣಿ ಬಂದಳು ಅನ್ನುವ ಕುಹಕ. ಗುಳಿಗೆ ಮತ್ತೆ ಮೊದಲಿನಿಂದ. ಡಾಕ್ಟರು ಈ ಸಲ ಏನೂ ಭರವಸೆ ಕೊಡಲಿಲ್ಲ.

ಅವಳಿಗೆ ಬೇಕಾದದ್ದು ಒಂದು ಕೋಣೆ, ಗಾಳಿ, ಹೋಗು ಅನ್ನದ ಜನ. ನನಗೆ ಕಾಕಾನ ಮನೆಯ ಗೇಟಿನ ಬದಿಯ ಕೋಣೆ ನೆನಪಾಯಿತು. ಒಂದು ಭಾನುವಾರ ಬೆಳಿಗ್ಗೆ, ಕಾಕಾ ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದಾಗ ಕೇಳಿದೆ.

"ಗೇಟಿನ ಬಾಜೂ ಕೋಣಿ ಖಾಲಿ ಐತಲ್ಲ ಕಾಕಾ."

"ಖಾಲಿ ಎಲ್ಲೈತಿ? ಅಂಗಡಿ ಸಾಮಾನು ತುಂಬೈತಿ."

"ಸಾಮಾನು ಮ್ಯಾಲ ಹೊತ್ತು ಹಾಕ್ತೀನಿ, ನಾನ ಹಾಕ್ತೀನಿ."

ವಿಷಯ ಹೇಳಿದೆ. ಪೇಪರ್ ಇಳಿಸಿದ. "ಟೀಬಿ ಅಂತಿ. ಮನ್ಯಾಗ ಸಣ್ಣ ಹುಡುಗ ಅದಾನ. ನಿಮ್ಮ ಸಂಸ್ಥೆಯವರ ಕಡೆ ಆಗಲಾರದ್ದು ನನ್ನ ಗೇಟಿನಾಗ ಆಗಬೇಕೇನು?"

ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅದಕ್ಕೇ ಬೇರೆ ಕಡೆಯಿಂದ ಹೋದೆ. "ಆ ಕೋಣಿ ಕಟ್ಟಿಸಿದ್ದು ಯಾರಿಗಂತ?"

"ವಾಚ್‌ಮನ್‌ಗ ಅಂತ."

"ಯಾವಾಗರ ವಾಚ್‌ಮನ್ ಇದ್ದನೇನು?"

"ಮನಿ ಕಟ್ಟೂಮುಂದ ಇದ್ರಲ್ಲ. ಕೂಲಿಯವರು, ಗಂಡ ಹೆಂಡ್ತಿ. ಮನಿ ಮುಗಿಯೂ ತನಕ ಇದ್ರು."

ಆಗ ನನಗೆ ಒಂದು ಚಿತ್ರ ಬಂತು. ಕಾಕಾನ ಮನೆಯ ಗೃಹಪ್ರವೇಶಕ್ಕೆ ಗದಗದಿಂದ ನಾವೆಲ್ಲ ಬಂದಿದ್ದೆವು, ನಾನು ಚಿಕ್ಕವಳು. ಗೇಟಿನ ಹತ್ತಿರ ಒಬ್ಬ ಹೆಂಗಸು, ಹಳೆಯ ಸೀರೆಯ ಮೇಲೆ ಹೊಸ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಗಂಟು ಹೊತ್ತು, ನಾವು ಒಳಗೆ ಹೋಗಲಿ ಎಂದು ಬದಿಗೆ ಸರಿದು ನಿಂತಿದ್ದಳು. ಈ ಚಿತ್ರ ನಿಜವೋ, ಸಾಬವ್ವನ ಮಾತು ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದೋ, ಅವತ್ತಿನಿಂದ ಇವತ್ತಿನವರೆಗೂ ನನಗೆ ತಿಳಿದಿಲ್ಲ. ಕಾಕಾನ ಹೆಂಡತಿ ಕಾಕು, ಅಂಥ ಯಾರೂ ಇರಲಿಲ್ಲ ಅನ್ನುತ್ತಾಳೆ. ಗೊತ್ತಿರುವವನು ಕಾಕಾ ಒಬ್ಬನೇ.

ಕೇಳಿದೆ. ಅವನು ಪೇಪರ್ ಮಡಿಸಿದ, ಮತ್ತೆ ಬಿಚ್ಚಿದ. ಕಾಕು ಬಾಗಿಲಲ್ಲಿ ಬಂದು, "ಉಪ್ಪಿಟ್ಟು ಆರಾಕತ್ತೈತಿ, ಏಳ್ರಿ" ಅಂದಳು.

ಸಾಬವ್ವ ದೀಪಾವಳಿಗೆ ಮೊದಲು ಪಡಸಾಲೆ ಬಿಟ್ಟು ಗುಂಪಿಗೆ ಹೋದಳು. ಈ ಸಲ ಹೇಳಿ ಹೋದಳು, ಗುಳಿಗೆಯನ್ನೂ ಒಯ್ದಳು. ಅಷ್ಟು ನಾನು ಕಲಿಸಿದ್ದೆ. ಚಳಿಗಾಲವೆಲ್ಲ ಬಸ್ಸು ಬದಲಿಸಿ ಮಿಯಾಪುರಕ್ಕೆ ಹೋಗಿ ಗುಳಿಗೆ ಕೊಟ್ಟುಬರುತ್ತಿದ್ದೆ. ಪ್ರತಿ ಸಲ ಒಂದು ಅಂತಸ್ತು ಮೇಲೆ ಹತ್ತಬೇಕಾಗುತ್ತಿತ್ತು, ಪ್ರತಿ ಸಲ ಅವಳು ಸ್ವಲ್ಪ ಸಣ್ಣಗಾಗಿರುತ್ತಿದ್ದಳು. "ಮ್ಯಾಲಿಂದ ಊರೆಲ್ಲಾ ಕಾಣತೈತ್ರಿ ಅಕ್ಕೋರ" ಅನ್ನುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಒಂದು ದಿನ ಹೋದರೆ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಗೇಟಿನಲ್ಲಿ ಸಮವಸ್ತ್ರದವನೊಬ್ಬ, ಯಾರ ಫ್ಲ್ಯಾಟಿಗೆ ಎಂದು ಕೇಳಿದ. ನನ್ನ ಚೀಲದಲ್ಲಿ ಗುಳಿಗೆಯಿತ್ತು. ಗುಂಪು ಎಲ್ಲಿಗೆ ಹೋಯಿತು ಅನ್ನುವುದು ಅವನಿಗೆ ಗೊತ್ತಿರಲಿಲ್ಲ, ಯಾವ ಗುಂಪು ಎಂದೂ ಗೊತ್ತಿರಲಿಲ್ಲ. ಆಮೇಲೆ ಅವಳು ನನಗೆ ಎಲ್ಲೂ ಸಿಗಲಿಲ್ಲ.

ಕಳೆದ ತಿಂಗಳು ಹೊಸ ಫ್ಲ್ಯಾಟಿನಲ್ಲಿ, ಆಗ ಸಣ್ಣ ಹುಡುಗನಾಗಿದ್ದ ಕಾಕಾನ ಮಗ ನನಗೆ ಒಂದೊಂದೇ ಕೋಣೆ ತೋರಿಸುತ್ತಿದ್ದ. ನಾನು ಗೋಡೆಗಳ ಮೂಲೆ ನೋಡುತ್ತಿದ್ದೆ. ಮಸಿ ಇರಲಿಲ್ಲ, ಬಣ್ಣ ಚೆನ್ನಾಗಿ ಬಳಿದಿದ್ದರು. ಕಾಕಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಕಾಲು ಸೋತಿದೆ, ಕಿವಿ ಇನ್ನೂ ಚೆನ್ನಾಗಿದೆ. ಒಲೆಯ ಮೇಲೆ ಸೀದ ಹಾಲನ್ನು ಯಾರೋ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಅವನ ಪಕ್ಕ ಕೂತು, ಆ ಭಾನುವಾರ ಕೇಳಿದ್ದನ್ನೇ ಮತ್ತೆ ಕೇಳಿದೆ. ತಟ್ಟೆಯಲ್ಲಿದ್ದ ಪೇಡೆಯನ್ನು ಅವನು ಎರಡು ಮಾಡಿ, ಒಂದು ತುಂಡು ನನ್ನ ಕೈಗೆ ಇಟ್ಟ. ಹೊರಡುವ ತನಕ ಅಲ್ಲೇ ಕೂತಿದ್ದೆ.

"ಕಾಕಾ, ನಮ್ಮ ಮನ್ಯಾಗ ಹಾಲು ಉಕ್ಕಿಸಿದ ದಿನ, ಗೇಟಿನ ಕೋಣಿಯವರು ಎಲ್ಲಿ ಹೋದ್ರು?"